ಒಡೆದ ಹಂಚಿನ ಯಥಾಸ್ಥಿತಿ

ದೋನ್ ಸಿರಿಯಾಕೊ ಲುಹಾನನ ಮನೆಯ ಮಾಡಿನಲ್ಲಿ ಮೂರನೆಯ ಸಾಲಿನ ಹಂಚೊಂದು ಒಡೆದು ಒಂಬತ್ತು ವರ್ಷ ನಾಲ್ಕು ತಿಂಗಳಾಗಿತ್ತು. ಹಂಚು ಒಡೆಯುವುದು ಲೋಕದಲ್ಲಿ ಹೊಸದೇನಲ್ಲ. ಪರಾನಾ ನದಿಯ ದಂಡೆಯ ಸಾಂತಾ ರುಫಿನಾದಲ್ಲಂತೂ ಆಲಿಕಲ್ಲು ಬಿದ್ದ ಮಾರನೆಯ ದಿನ ಅರ್ಧ ಊರು ಏಣಿಯ ಮೇಲಿರುತ್ತದೆ, ಉಳಿದರ್ಧ ಏಣಿ ಹಿಡಿದುಕೊಂಡು ಸಲಹೆ ಕೊಡುತ್ತಿರುತ್ತದೆ. ಆದರೆ ಕೋರ್ಟಿನ ರಕ್ಷಣೆ ಪಡೆದ ತೂತು ಊರಿಗೆಲ್ಲ ಅದೊಂದೇ. ಮಳೆ ಬಂದಾಗ ಆ ತೂತಿನಿಂದ ನೀರು ಪಡಸಾಲೆಯ ನಡುವೆ ಇಟ್ಟ ನೀಲಿ ಬೋಗುಣಿಗೆ ಟೊಪ್ ಟೊಪ್ ಎಂದು ಬೀಳುತ್ತಿತ್ತು. ಸಿರಿಯಾಕೊ ಪಕ್ಕದಲ್ಲಿ ಕೈಕಟ್ಟಿ ಕೂತು, ಕಾನೂನು ಪಾಲನೆಯಾಗುತ್ತಿರುವುದನ್ನು ಗೌರವದಿಂದ ಆಲಿಸುತ್ತಿದ್ದ.

ಮನೆ ಅವನ ಸೋದರತ್ತೆ ಎರ್ಮೆಲಿಂದಾಳದು. ಆಕೆ ಸಾಯುವಾಗ ಅದನ್ನು ಸಿರಿಯಾಕೊನ ಹೆಸರಿಗೆ ಬರೆದಿಟ್ಟಳು. ನದಿಯಾಚೆಯ ಪಟ್ಟಣದಲ್ಲಿದ್ದ ದಾಯಾದಿ ರೊಸೆಂದೊ "ಅರ್ಧ ನನ್ನದು" ಎಂದು ದಾವೆ ಹೂಡಿದ. ತೀರ್ಪು ಬರುವ ತನಕ ಆಸ್ತಿಯನ್ನು ಮಾರಕೂಡದು, ಯಥಾಸ್ಥಿತಿ ಕಾಪಾಡತಕ್ಕದ್ದು ಎಂದು ಕೋರ್ಟು ತಡೆಯಾಜ್ಞೆ ಹೊರಡಿಸಿತು. ಆಜ್ಞೆ ತಂದ ಅಮೀನನಿಗೆ ವಾಪಸು ಲಾಂಚು ಹಿಡಿಯುವ ಅವಸರ. ಬಾಗಿಲಲ್ಲೇ ನಿಂತು ಗಡಗಡ ಓದಿ, ಸಹಿ ಹಾಕಿಸಿಕೊಂಡು, ಛತ್ರಿ ಬಿಚ್ಚಿದ.

"ಸ್ವಾಮಿ, ಯಥಾಸ್ಥಿತಿ ಅಂದ್ರೆ ಹ್ಯಾಗೆ? ಈ ಕುರ್ಚಿ ಆ ಕಡೆ ಇಡಬಹುದಾ?"

ಅಮೀನ ಕೈಗಡಿಯಾರ ನೋಡಿಕೊಂಡ. "ಏನನ್ನೂ ಮುಟ್ಟಬೇಡಿ."

"ಏನನ್ನೂ?"

"ಏನಂದ್ರೆ ಏನನ್ನೂ!" ಎಂದು ಕೂಗುತ್ತ ಅಮೀನ ಮಳೆಯಲ್ಲಿ ಓಡಿಯೇಬಿಟ್ಟ.

ಬೇರೆ ಯಾರಾದರೂ ಆಗಿದ್ದರೆ ಆ ಮಾತನ್ನು ಅಮೀನನ ಜೊತೆಗೇ ಲಾಂಚು ಹತ್ತಿಸಿ ಕಳಿಸುತ್ತಿದ್ದರು. ಆದರೆ ಸಿರಿಯಾಕೊ ದೋಣಿಕಟ್ಟೆಯಲ್ಲಿ ಇಪ್ಪತ್ತು ವರ್ಷದಿಂದ ಲಾಂಚಿನ ಟಿಕೆಟ್ಟುಗಳಿಗೆ ಸೀಲು ಒತ್ತುವ ನೌಕರ. ಅವನ ಸೀಲಿಲ್ಲದೆ ಒಂದು ನರಪಿಳ್ಳೆಯೂ ನದಿ ದಾಟುವಂತಿರಲಿಲ್ಲ. ಒಮ್ಮೆ ಬಿಷಪ್ಪರೇ ಟಿಕೆಟ್ಟು ಕಳೆದುಕೊಂಡು ಅರ್ಧ ದಿನ ಕಟ್ಟೆಯ ಮೇಲೆ ಜಪಮಾಲೆ ಎಣಿಸಿದ್ದುಂಟು. ಸೀಲಿನ ಮಹಿಮೆ ಬಲ್ಲ ಅಂಥವನಿಗೆ ಕೋರ್ಟಿನ ದುಂಡು ಸೀಲು ಕಂಡರೆ ಮೊಣಕಾಲು ತಾವಾಗಿ ಬಗ್ಗುತ್ತವೆ.

ಅಂದಿನಿಂದ ಆ ಮನೆಯಲ್ಲಿ ಕಾಲ ಚಲಿಸಲಿಲ್ಲ. ಕ್ಯಾಲೆಂಡರು ಜೂನ್ ತಿಂಗಳಲ್ಲಿ ನಿಂತಿತು. ಗೋಡೆ ಗಡಿಯಾರಕ್ಕೆ ಕೀಲಿ ಕೊಡದೆ ಅದು ನಾಲ್ಕು ಇಪ್ಪತ್ತಕ್ಕೆ ನಿಂತಿತು. ಒಡೆದ ಹಂಚಿಗೆ ಬದಲು ಹಾಕಲೆಂದು ಅದೇ ಬೆಳಿಗ್ಗೆ ಕೊಂಡು ತಂದ ಹೊಸ ಹಂಚು ಗೋಡೆಗೆ ಒರಗಿದಲ್ಲೇ ಪಾಚಿ ಕಟ್ಟಿತು. ಅತ್ತೆಯ ಕೆಂಪು ಹುಂಜ ಸತ್ತಾಗ ಸಿರಿಯಾಕೊ ಅದೇ ಬಣ್ಣದ, ಅದರಂತೆಯೇ ಎಡಗಾಲು ಕುಂಟುವ ಇನ್ನೊಂದು ಹುಂಜಕ್ಕಾಗಿ ಮೂರು ಹಳ್ಳಿ ಅಲೆದ. ಸಿಕ್ಕಿದ್ದು ಬಲಗಾಲು ಕುಂಟುವ ಹುಂಜ. ವಾರವಿಡೀ ಅವನಿಗೆ ಊಟ ಸೇರಲಿಲ್ಲ.

ಪಕ್ಕದ ಮನೆಯ ದೋನ್ಯಾ ಕಸಿಲ್ಡಾಳ ಕಷ್ಟವೇ ಬೇರೆ. ಅವಳ ಜರಡಿಯೊಂದು ಈ ಮನೆಯ ಅಡುಗೆಕೋಣೆಯ ಮೊಳೆಗೆ ನೇತುಬಿದ್ದಿತ್ತು. ಎರ್ಮೆಲಿಂದಾ ಸಾಯುವ ಹಿಂದಿನ ವಾರ ಎರವಲು ತಂದದ್ದು.

"ದೋನ್ ಸಿರಿಯಾಕೊ, ಮರಗೆಣಸಿನ ಹಿಟ್ಟು ಜರಡಿ ಹಿಡೀಬೇಕು, ನನ್ನ ಜರಡಿ ಕೊಡಪ್ಪ."

"ಅಯ್ಯೋ ದೋನ್ಯಾ ಕಸಿಲ್ಡಾ, ಜರಡಿ ತಡೆಯಾಜ್ಞೆಯಲ್ಲಿದೆ."

"ಜರಡಿ ನನ್ನದು ಕಣಯ್ಯ!"

"ಇಲ್ಲ ಅಂದವರ್ಯಾರು? ನಿಮ್ಮದೇ. ಆದರೆ ಮೊಳೆ ದಾವೆಯಲ್ಲಿದೆ. ಮೊಳೆಯಿಂದ ಜರಡಿ ತೆಗೆದ್ರೆ ಮೊಳೆಯ ಸ್ಥಿತಿ ಬದಲಾಗಲ್ವಾ?"

ಕಸಿಲ್ಡಾ ಒಂಬತ್ತು ವರ್ಷವೂ ಹಳೆಯ ಸೊಳ್ಳೆಪರದೆಯಲ್ಲಿ ಹಿಟ್ಟು ಸೋಸಿದಳು. ಅವಳ ಚಿಪಾ ರೊಟ್ಟಿಯಲ್ಲಿ ಗಂಟು ಸಿಕ್ಕಾಗಲೆಲ್ಲ ಅವಳ ಗಂಡ ಕೋರ್ಟಿಗೆ ಶಾಪ ಹಾಕಿದ.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಿರಬಹುದಿತ್ತು. ಆದರೆ ಜರಡಿಯಂತೆಯೇ ನೇತುಬಿದ್ದದ್ದು ಇನ್ನೊಂದಿತ್ತು: ಸಿರಿಯಾಕೊನ ಮದುವೆ.

ದೆಲ್ಮಿರಾ ಊರಿನ ದರ್ಜಿ. ಕುತ್ತಿಗೆಯಲ್ಲಿ ಸದಾ ಅಳತೆಪಟ್ಟಿ, ತುಟಿಗಳ ನಡುವೆ ಎರಡು ಗುಂಡುಸೂಜಿ. ಹಾಗಾಗಿ ಮಾತು ಕಡಿಮೆ. ಅತ್ತೆ ಸಾಯುವ ಹಿಂದಿನ ತಿಂಗಳು ಇಬ್ಬರಿಗೂ ನಿಶ್ಚಿತಾರ್ಥವಾಗಿತ್ತು. ತಡೆಯಾಜ್ಞೆ ಬಂದ ಮೇಲೆ ಸಿರಿಯಾಕೊ ವಿಷಯವನ್ನು ಅವಳಿಗೆ ವಿವರಿಸಿದ್ದ.

"ನೋಡು ದೆಲ್ಮಿರಾ, ಆಜ್ಞೆ ಬಂದಾಗ ಮನೆಯೊಳಗೆ ಇದ್ದದ್ದು ಒಬ್ಬ ಮನುಷ್ಯ. ನೀನು ಬಂದ್ರೆ ಇಬ್ಬರಾಗ್ತೀವಿ. ಅದು ಬದಲಾವಣೆ."

"ಹಾಗಾದ್ರೆ ನೀನೇ ನನ್ನ ಮನೆಗೆ ಬಾ."

"ಆಗ ಇಲ್ಲಿ ಸೊನ್ನೆ ಆಗುತ್ತೆ. ಅದೂ ಬದಲಾವಣೆಯೇ."

ದೆಲ್ಮಿರಾ ಸೂಜಿ ಬಾಯಿಂದ ತೆಗೆದು, "ವಕೀಲರನ್ನ ಕೇಳು," ಎಂದಳು.

"ಸ್ವತಃ ಅಮೀನನೇ ಬಾಯಿಬಿಟ್ಟು ಹೇಳಿದ ಮೇಲೆ ವಕೀಲ ಯಾಕೆ? ಇನ್ನೇನು, ನನ್ನ ಅಂದಾಜಿನಲ್ಲಿ ಮೂರು ತಿಂಗಳು."

ಆ ಅಂದಾಜು ಬಾಯಿಗೆ ಬಂದ ಮಾತಲ್ಲ. ಅದರ ಹಿಂದೆ ಶಾಸ್ತ್ರವಿತ್ತು. ಪ್ರತಿ ತಿಂಗಳ ಮೊದಲ ಸೋಮವಾರ ಸಿರಿಯಾಕೊ ತನ್ನ ಟಿಕೆಟ್ಟಿಗೆ ತಾನೇ ಸೀಲು ಒತ್ತಿಕೊಂಡು ನದಿ ದಾಟಿ, ಕೋರ್ಟಿನ ಕಿಟಕಿಯ ಮುಂದೆ ನಿಂತು, ಗುಮಾಸ್ತೆ ದೋನ್ಯಾ ಒತಿಲಿಯಾಳ ಹತ್ತಿರ ತನ್ನ ಕಡತ ತರಿಸಿ, ದೆಲ್ಮಿರಾ ಕೊಟ್ಟ ಅಳತೆಪಟ್ಟಿಯಿಂದ ಅದರ ದಪ್ಪ ಅಳೆಯುತ್ತಿದ್ದ. ಬಿಚ್ಚಿ ಓದುತ್ತಿರಲಿಲ್ಲ.

"ಒಳಗೆ ನೋಡೋದಿಲ್ವೇನ್ರೀ?" ಎಂದು ಒತಿಲಿಯಾ ಮೊದಮೊದಲು ಕೇಳಿದ್ದುಂಟು.

"ಗಂಟು ಬಿಚ್ಚಿದ್ರೆ ಮತ್ತೆ ಹಾಗೇ ಕಟ್ಟೋಕೆ ಆಗಲ್ಲ ತಾಯಿ. ಅಳತೆ ಸಾಕು."

ಮೊದಲ ವರ್ಷ ಕಡತ ನಾಲ್ಕು ಬೆರಳು ಬೆಳೆಯಿತು, ಎರಡನೆಯ ವರ್ಷ ಮೂರು, ಮೂರನೆಯ ವರ್ಷ ಒಂದು. ಆಮೇಲೆ ಕೂದಲೆಳೆಯಷ್ಟೂ ಬೆಳೆಯಲಿಲ್ಲ. ಸಿರಿಯಾಕೊ ಪ್ರತಿ ತಿಂಗಳೂ ಆ ಸುದ್ದಿ ಹೊತ್ತು ಕ್ಷೌರದಂಗಡಿಗೆ ಓಡಿಬರುತ್ತಿದ್ದ.

"ಕುಂಬಳಕಾಯಿ ಯಾವಾಗ ಬೆಳೆಯೋದು ನಿಲ್ಲಿಸುತ್ತೆ, ಹೇಳಿ? ಮಾಗಿದಾಗ! ಕಡತ ಮಾಗಿದೆ. ಇನ್ನು ಮೂರೇ ತಿಂಗಳು!"

ಕ್ಷೌರಿಕ ನಿಕಾಸಿಯೊ ಅಂಗಡಿಯ ಗೋಡೆಗೆ ಒಂದು ಸ್ಲೇಟು ತೂಗುಹಾಕಿದ್ದ. ತಡೆಯಾಜ್ಞೆ ಯಾವ ದಿನ ಏಳುತ್ತದೆ ಎಂದು ಊರಿನವರೆಲ್ಲ ಅದರಲ್ಲಿ ತಮ್ಮ ತಮ್ಮ ತಾರೀಖು ಬರೆಸಿದ್ದರು. ಯಾರ ತಾರೀಖು ಹತ್ತಿರ ಬರುತ್ತದೋ ಅವರಿಗೆ ಉಳಿದವರು ಸೇರಿ ಒಂದು ಕುರಿ ಸುಟ್ಟು ಬಡಿಸಬೇಕು. ಆ ಕುರಿ ಈಗ ಮುದಿಯಾಗಿ, ನಿಕಾಸಿಯೊನ ಹಿತ್ತಲಲ್ಲಿ ಮೊಮ್ಮಕ್ಕಳನ್ನು ಕಂಡಿತ್ತು.

"ಮಾಗೋದೂ ಉಂಟು, ಒಣಗೋದೂ ಉಂಟು ಮಾರಾಯ," ಎಂದ ಈ ಸಲ ನಿಕಾಸಿಯೊ, ಕತ್ತಿ ಮಸೆಯುತ್ತ. "ನಿನ್ನ ಕುಂಬಳಕಾಯಿ ಆರು ವರ್ಷದಿಂದ ಮಾಗ್ತಾ ಇದೆ."

"ನ್ಯಾಯದ ಹಣ್ಣು ನಿಧಾನ."

"ದೆಲ್ಮಿರಾ ಅಷ್ಟು ನಿಧಾನ ಅಲ್ಲಪ್ಪ. ಮದುವೆ ಬಟ್ಟೆ ಮೊನ್ನೆ ಮೂರನೇ ಸಲ ಸಡಿಲ ಮಾಡಿದ್ಲಂತೆ, ನನ್ನ ಹೆಂಡತಿ ಹೇಳಿದ್ಲು."

ಸಿರಿಯಾಕೊನ ಮುಖದ ಒಂದು ಪಕ್ಕಕ್ಕೆ ಮಾತ್ರ ಕ್ಷೌರವಾಗಿತ್ತು. ಅವನು ಹಾಗೇ ಎದ್ದು ಹೋದ.

ಅಕ್ಟೋಬರ್ ಮೊದಲ ವಾರ ದೆಲ್ಮಿರಾ ಅವನನ್ನು ಕರೆಸಿದಳು. ಹೊಲಿಗೆ ಯಂತ್ರಕ್ಕೆ ಬಟ್ಟೆ ಹೊದಿಸಿತ್ತು. ಮೇಜಿನ ಮೇಲೊಂದು ಕಾಗದವಿತ್ತು. ಬಾಯಲ್ಲಿ ಸೂಜಿ ಇರಲಿಲ್ಲ. ಅದನ್ನು ನೋಡಿಯೇ ಸಿರಿಯಾಕೊ ಬಾಗಿಲಲ್ಲಿ ನಿಂತುಬಿಟ್ಟ.

"ರೊಸಾರಿಯೊ ನಗರದಿಂದ ನೇಲಿದಾ ಅಕ್ಕ ಬರೆದಿದ್ದಾಳೆ. ಅವಳ ಅಂಗಡಿಗೆ ಕೈ ಬೇಕಂತೆ. ಈ ತಿಂಗಳ ಕೊನೇ ಶನಿವಾರ ಹನ್ನೊಂದರ ಲಾಂಚಿಗೆ ಹೊರಡ್ತೀನಿ. ಹೋದ್ರೆ ಬರಲ್ಲ, ಸಿರಿಯಾಕೊ. ನನಗೆ ನಲವತ್ತಾರು."

"ಹೋಗಬೇಡ ದೆಲ್ಮಿರಾ! ಕಡತ—"

"ಮಾಗಿದೆ. ಗೊತ್ತು. ಅಂದಾಜು ಎಷ್ಟು?"

ಸಿರಿಯಾಕೊ ಬಾಯಿ ತೆರೆದ. ಮೂರು ತಿಂಗಳು ಎಂಬುದು ನಾಲಿಗೆಯ ತುದಿಗೆ ಬಂದು ನಿಂತಿತ್ತು. ಅವಳ ಕಣ್ಣು ನೋಡಿ ಅದನ್ನು ನುಂಗಿಕೊಂಡ.

ಮರುದಿನ ದೆಲ್ಮಿರಾ ಗುಂಡಿ ತರಲು ಪಟ್ಟಣಕ್ಕೆ ಹೋದಳು. ಅವಳ ಟಿಕೆಟ್ಟಿಗೆ ಸೀಲು ಒತ್ತಿದವನು ಸಿರಿಯಾಕೊನೇ. ಸಂಜೆಯ ಲಾಂಚಿನಲ್ಲಿ ಹಿಂದಿರುಗಿದಾಗ ಕೈಯಲ್ಲಿ ಒಂದೂ ಗುಂಡಿ ಇರಲಿಲ್ಲ. ಕಟ್ಟೆಯ ಮೇಲೆ ಅವನೆದುರು ಒಂದು ಗಳಿಗೆ ನಿಂತು, ನಗಲೋ ಅಳಲೋ ತಿಳಿಯದವಳಂತೆ ನೋಡಿದಳು.

"ನಾನೂ ಒಂದು ಅಂದಾಜು ಹಾಕಿದೆ ಸಿರಿಯಾಕೊ. ಆ ತಡೆಯಾಜ್ಞೆ ನೀನು ಇರೋವರೆಗೂ ಇರುತ್ತೆ."

ಸಿರಿಯಾಕೊ ಇದನ್ನು ಕಾನೂನಿನ ಅಭಿಪ್ರಾಯವೆಂದು ತಿಳಿದ. ಅಳತೆಯ ವಿಷಯದಲ್ಲಿ ದೆಲ್ಮಿರಾ ಒಂದು ನೂಲೂ ತಪ್ಪಿದವಳಲ್ಲ. ನೆಟ್ಟಗೆ ಮನೆಗೆ ಹೋಗಿ, ಜೂನ್ ತಿಂಗಳ ಕ್ಯಾಲೆಂಡರಿನ ಕೆಳಗೆ, ಅಲುಗಿಸದ ಕುರ್ಚಿಯ ಮೇಲೆ ಕೂತು, ತನ್ನ ಆಯುಷ್ಯ ಇನ್ನೆಷ್ಟಿರಬಹುದು ಎಂದು ಎಣಿಸಿದ. ಅವನ ಅಜ್ಜ ತೊಂಬತ್ತೆಂಟಕ್ಕೆ ಹೋದವನು, ಅದೂ ಕುದುರೆಯಿಂದ ಬಿದ್ದು.

ಒಂದು ವಾರ ಹೀಗೆ ಕಳೆದು, ಒಂದು ಮಧ್ಯಾಹ್ನ ಊರೆಲ್ಲ ಮಲಗಿದ್ದ ಹೊತ್ತಿನಲ್ಲಿ ಅವನು ಪೊಲೀಸು ಠಾಣೆಗೆ ಹೋದ. ಸಾರ್ಜೆಂಟ್ ಅಬುಂದಿಯೊ ಮೇಜಿನ ಮೇಲೆ ಕಾಲು ಚಾಚಿ ಗೊರಕೆ ಹೊಡೆಯುತ್ತಿದ್ದ.

"ಸಾರ್ಜೆಂಟರೇ, ಕೋರ್ಟಿನ ತಡೆಯಾಜ್ಞೆ ಮುರಿದವನಿಗೆ ಶಿಕ್ಷೆ ಎಷ್ಟು?"

"ಯಾರು ಮುರಿದ್ರು?" ಸಾರ್ಜೆಂಟ್ ಒಂದು ಕಣ್ಣು ತೆರೆದ.

"ಯಾರೂ ಇಲ್ಲ. ಸುಮ್ಮನೆ ಅಂದಾಜಿಗೆ."

"ಆರು ತಿಂಗಳು ಇರಬಹುದು. ನಡತೆ ಚೆನ್ನಾಗಿದ್ರೆ ನಾಲ್ಕು."

"ಖಚಿತವಾಗಿ ಮುಗಿಯುತ್ತಾ?"

"ಮುಗೀದೆ ಏನ್ರೀ? ಜೈಲಲ್ಲಿ ಜನ್ಮವಿಡೀ ಕೂರಿಸಿದ್ರೆ ಊಟ ಹಾಕೋರು ಯಾರು?" ತೆರೆದ ಕಣ್ಣು ಮತ್ತೆ ಮುಚ್ಚಿತು.

ಸಿರಿಯಾಕೊ ಮೆಟ್ಟಿಲಿಳಿಯುತ್ತಿದ್ದಂತೆ ಅವನ ತಲೆಯಲ್ಲಿ ಒಂಬತ್ತು ವರ್ಷದಲ್ಲಿ ಹತ್ತದ ದೀಪ ಹತ್ತಿತು. ತಡೆಯಾಜ್ಞೆಗೆ ಕೊನೆಯಿಲ್ಲ, ಜೈಲಿಗೆ ಕೊನೆಯಿದೆ. ಕಾನೂನು ಪಾಲಿಸುತ್ತ ಕೂತರೆ ಅಜ್ಜನಂತೆ ತೊಂಬತ್ತೆಂಟು ತುಂಬುವ ತನಕ. ಮುರಿದರೆ ಆರು ತಿಂಗಳು, ನಡತೆ ಚೆನ್ನಾಗಿದ್ದರೆ ನಾಲ್ಕು. ನಡತೆಯ ವಿಷಯದಲ್ಲಂತೂ ಅವನನ್ನು ಬಿಟ್ಟರಿಲ್ಲ. ಇಷ್ಟು ಸರಳವಾದ ಗಣಿತ ಇಷ್ಟು ದಿನ ಹೊಳೆಯಲಿಲ್ಲವಲ್ಲ ಎಂದು ಅವನಿಗೇ ನಾಚಿಕೆಯಾಯಿತು.

ಕೊನೆಯ ಶನಿವಾರ ಬೆಳಿಗ್ಗೆ ಎಂಟಕ್ಕೆ ಅವನು ಸ್ನಾನ ಮಾಡಿ, ಕರಿ ಕೋಟು ತೊಟ್ಟು, ಮನೆಯ ಬಾಗಿಲು ಹಾರುಹೊಡೆದು ತೆಗೆದಿಟ್ಟ. ಅಪರಾಧವನ್ನು ಕದ್ದುಮುಚ್ಚಿ ಮಾಡಿದರೆ ಸಾಕ್ಷಿ ಎಲ್ಲಿಂದ ಬರಬೇಕು?

"ದೋನ್ಯಾ ಕಸಿಲ್ಡಾ! ಬನ್ನಿ! ನಿಮ್ಮ ಕಣ್ಣಾರೆ ನೋಡಿ!"

ಕಸಿಲ್ಡಾ ಕೈಯ ಹಿಟ್ಟು ಒರೆಸಿಕೊಳ್ಳುತ್ತ ಬಂದಳು. ಸಿರಿಯಾಕೊ ಅಡುಗೆಕೋಣೆಗೆ ಹೋಗಿ, ಶಿಲುಬೆಯ ಗುರುತು ಹಾಕಿಕೊಂಡು, ಮೊಳೆಯಿಂದ ಜರಡಿಯನ್ನು ತೆಗೆದು ಅವಳ ಕೈಗಿತ್ತ. ಮೊಳೆ ಬರಿದಾಯಿತು. ಆಕಾಶ ಕಳಚಿ ಬೀಳಲಿಲ್ಲ.

"ಅಯ್ಯೋ ದೇವರೇ," ಎಂದಳು ಕಸಿಲ್ಡಾ, ಜರಡಿಯನ್ನು ಎದೆಗವಚಿಕೊಂಡು. "ದೋನ್ ಸಿರಿಯಾಕೊ, ಮೈಗೆ ಹುಷಾರಿಲ್ವಾ?"

ಅವನು ಪಡಸಾಲೆಗೆ ನಡೆದ. ಕ್ಯಾಲೆಂಡರು ಕಿತ್ತ. ಗಡಿಯಾರಕ್ಕೆ ಕೀಲಿ ಕೊಟ್ಟ. ಕುರ್ಚಿಯನ್ನು ಈ ಗೋಡೆಯಿಂದ ಎತ್ತಿ ಆ ಗೋಡೆಗೆ ಇಟ್ಟು, ಅಷ್ಟು ಸಾಲದೆಂದು ಮಗುಚಿ ಹಾಕಿದ. ನೀಲಿ ಬೋಗುಣಿಯನ್ನು ಎತ್ತಿ ಅಂಗಳಕ್ಕೆ ಎಸೆದ. ಹುಂಜ ಬಲಗಾಲು ಕುಂಟುವುದನ್ನೇ ಮರೆತು ಓಡಿತು. ಆಮೇಲೆ ಪಾಚಿ ಕಟ್ಟಿದ ಆ ಹೊಸ ಹಂಚನ್ನು ಕಂಕುಳಲ್ಲಿಟ್ಟುಕೊಂಡು ಏಣಿ ಹತ್ತಿದ. ಅಷ್ಟರಲ್ಲಿ ಬೀದಿ ತುಂಬಿತ್ತು. ಅರ್ಧ ಮುಖಕ್ಕೆ ಸಾಬೂನು ಹಚ್ಚಿಕೊಂಡ ಗಿರಾಕಿಯನ್ನು ಬಿಟ್ಟು ನಿಕಾಸಿಯೊ ಓಡಿಬಂದಿದ್ದ.

"ಸಿರಿಯಾಕೊ! ಕೋರ್ಟು ಬಿಡುಗಡೆ ಮಾಡ್ತಾ?"

"ಇಲ್ಲ!" ಮಾಡಿನ ಮೇಲಿನಿಂದ ಸಿರಿಯಾಕೊ ಘೋಷಿಸಿದ. "ನಾನೇ ಮುರೀತಾ ಇದೀನಿ! ಎಲ್ಲರೂ ಸಾಕ್ಷಿ!"

ಒಡೆದ ಹಂಚು ಕಿತ್ತು, ಹೊಸದನ್ನು ತುರುಕಿ, ಕೆಳಗಿಳಿದು, ಒಂದು ಕಂಬಳಿ, ಯೆರ್ಬಾ ಕಷಾಯ ಕುಡಿಯುವ ಸೋರೆಬುರುಡೆ, ಎರಡು ಅಂಗಿ ಕಟ್ಟಿಕೊಂಡು ಹೊರಟ. ಹೊರಡುವಾಗ ಕಸಿಲ್ಡಾಳಿಗೆ ಹೇಳಿದ: "ದೆಲ್ಮಿರಾಗೆ ತಿಳಿಸಿ. ಆರು ತಿಂಗಳು ಕಾಯಲಿ. ಈ ಸಲ ಇದು ಅಂದಾಜಲ್ಲ, ಲೆಕ್ಕ."

ಠಾಣೆಯಲ್ಲಿ ಸಾರ್ಜೆಂಟ್ ಅಬುಂದಿಯೊ ಪೂರ್ತಿ ಎರಡೂ ಕಣ್ಣು ತೆರೆಯಬೇಕಾಯಿತು.

"ನನ್ನನ್ನ ಬಂಧಿಸಿ."

"ಈಗ ಆಗಲ್ಲ ದೋನ್ ಸಿರಿಯಾಕೊ. ಲಾಕಪ್ಪಿನಲ್ಲಿ ನನ್ನ ಹೆಂಡತಿ ಬಟ್ಟೆ ಒಣಹಾಕಿದ್ದಾಳೆ."

"ಬಟ್ಟೆ ತೆಗೆಸಿ. ನಾನು ಅಪರಾಧಿ. ಜರಡಿ, ಕ್ಯಾಲೆಂಡರು, ಗಡಿಯಾರ, ಕುರ್ಚಿ, ಬೋಗುಣಿ, ಹಂಚು—ಆರು ಕಲಂ!"

"ಹೌದು ಸಾರ್, ನಾವೆಲ್ಲ ನೋಡಿದೀವಿ," ಎಂದು ಕಿಟಕಿಯಾಚೆಯಿಂದ ಇಪ್ಪತ್ತು ಗಂಟಲು ಕೂಗಿದವು. ಊರು ಮೊದಲ ಬಾರಿಗೆ ಒಬ್ಬ ಅಪರಾಧಿಯ ಬಗ್ಗೆ ಹೆಮ್ಮೆಪಟ್ಟಿತ್ತು. ಯಾರೋ ಆಗಲೇ ಅವನ ಕೈಗೆ ಬಿಸಿ ಚಿಪಾ ತುರುಕಿದರು, ಜೈಲಿನ ಊಟ ಹೇಗಿರುತ್ತದೋ ಏನೋ ಎಂದು.

ಸಾರ್ಜೆಂಟ್ ನಿಟ್ಟುಸಿರುಬಿಟ್ಟು ಫೋನು ಎತ್ತಿ, ಕೋರ್ಟಿಗೆ ಕರೆ ಹಚ್ಚಿದ. ಶನಿವಾರವಾದರೂ ದೋನ್ಯಾ ಒತಿಲಿಯಾ ಸಿಕ್ಕಿದಳು. ಬಾಕಿ ಕಡತಗಳಿಗೆ ಶನಿವಾರವೆಂಬುದು ಎಲ್ಲಿದೆ? ಸಾರ್ಜೆಂಟ್ "ಹ್ಞೂಂ" ಎಂದ. ಇನ್ನೊಮ್ಮೆ "ಹ್ಞೂಂ" ಎಂದ. ಮೂರನೆಯ "ಹ್ಞೂಂ" ಅರ್ಧ ನಿಮಿಷದಷ್ಟು ಉದ್ದವಿತ್ತು. ಫೋನು ಇಟ್ಟು, ಟೊಪ್ಪಿ ತೆಗೆದು, ತಲೆ ಕೆರೆದುಕೊಂಡ.

"ದೋನ್ ಸಿರಿಯಾಕೊ, ಇಂಥ ತಡೆಯಾಜ್ಞೆಗೆ ಆಯುಷ್ಯ ಐದು ವರ್ಷವಂತೆ. ಕೇಳಿದವರು ಐದು ವರ್ಷದೊಳಗೆ ನವೀಕರಿಸದಿದ್ರೆ ತಾನಾಗಿ ಬಿದ್ದುಹೋಗುತ್ತಂತೆ. ನಿಮ್ಮ ರೊಸೆಂದೊ ಮೂರನೇ ವರ್ಷದಿಂದ ಕೋರ್ಟಿನ ಕಡೆ ತಲೆ ಹಾಕಿಲ್ಲ. ಅದು ಬಿದ್ದು ನಾಲ್ಕು ವರ್ಷ ನಾಲ್ಕು ತಿಂಗಳಾಯ್ತಂತೆ."

ಸಿರಿಯಾಕೊ ಚಿಪಾ ಅಗಿಯುವುದನ್ನು ನಿಲ್ಲಿಸಿದ. "ಮತ್ತೆ ನನ್ನ ಅಪರಾಧ?"

"ನಿಮ್ಮ ಮನೆ ಹಂಚು ನೀವು ಬದಲಾಯಿಸಿದ್ರಿ. ಇದಕ್ಕೆ ಯಾವ ಕಲಂ ಹಾಕಲಿ ನಾನು? ಹಗ್ಗ ಯಾವತ್ತೋ ಲಡ್ಡಾಗಿ ಹರಿದಿದೆ, ಆಡು ಮಾತ್ರ ಗೂಟ ಬಿಟ್ಟು ಅಲ್ಲಾಡಿಲ್ಲ, ಅಂದ್ಲು ಒತಿಲಿಯಾ." ಸಾರ್ಜೆಂಟ್ ಸ್ವಲ್ಪ ತಡೆದು ಹೇಳಿದ: "ಮೂರು ವಾರದ ಹಿಂದೆ ಒಬ್ಬ ಹೆಂಗಸು ಬಂದು ಇದನ್ನೇ ವಿಚಾರಿಸಿ, ಕಡತ ಬಿಚ್ಚಿಸಿ ಓದಿ ಹೋದ್ಲಂತೆ. ಕುತ್ತಿಗೇಲಿ ಅಳತೆಪಟ್ಟಿ ಹಾಕ್ಕೊಂಡಿದ್ಲಂತೆ."

ಕಿಟಕಿಯಾಚೆ ಗದ್ದಲ ನಿಂತಿತು. ಆ ಮೌನದಲ್ಲಿ ನದಿಯ ಕಡೆಯಿಂದ ಲಾಂಚಿನ ಸೀಟಿ ಕೇಳಿಸಿತು. ಒಂದಲ್ಲ, ಸಾಲಾಗಿ ನಾಲ್ಕು. ಠಾಣೆಯ ಗೋಡೆಯ ಗಡಿಯಾರ ಹನ್ನೊಂದೂವರೆ ತೋರಿಸುತ್ತಿತ್ತು.

ಹನ್ನೊಂದರ ಲಾಂಚು ಹೊರಟಿರಲಿಲ್ಲ. ಹೊರಡುವುದು ಹೇಗೆ? ಟಿಕೆಟ್ಟಿಗೆ ಸೀಲು ಒತ್ತುವವನು ಠಾಣೆಯಲ್ಲಿದ್ದ. ಮೂವತ್ತೇಳು ಪ್ರಯಾಣಿಕರು, ಎರಡು ಬುಟ್ಟಿ ಕೋಳಿ, ಒಬ್ಬ ಪಾದ್ರಿ, ಎಲ್ಲರೂ ಕಟ್ಟೆಯ ಮೇಲೆ ಬಿಸಿಲಲ್ಲಿ ಕೊತಕೊತ ಕುದಿಯುತ್ತಿದ್ದರು. ಸಿರಿಯಾಕೊ ಕಂಬಳಿ ಸಮೇತ ಓಡಿಬಂದ. ಅವನ ಹಿಂದೆ ಊರು, ಊರಿನ ಹಿಂದೆ ಸಾರ್ಜೆಂಟ್.

"ಎಲ್ಲಿ ಸಾಯೋಕೆ ಹೋಗಿದ್ದೆಯೋ!" ಎಂದು ಲಾಂಚಿನ ಚಾಲಕ ಗರ್ಜಿಸಿದ.

ಸಾಲಿನ ಮೊದಲಿಗೆ ದೆಲ್ಮಿರಾ ತನ್ನ ಪೆಟ್ಟಿಗೆಯ ಮೇಲೆ ಕೂತಿದ್ದಳು. ಪಕ್ಕದಲ್ಲಿ ಕಸಿಲ್ಡಾ, ಕೈಯಲ್ಲಿ ಇನ್ನೂ ಜರಡಿ. ಸುದ್ದಿ ತಲುಪಿತ್ತು. ದೆಲ್ಮಿರಾ ಎದ್ದು ಟಿಕೆಟ್ಟು ಮುಂದೆ ಹಿಡಿದಳು.

"ಒತ್ತು."

ಸಿರಿಯಾಕೊ ಸೀಲು ಎತ್ತಿದ. "ನಿನಗೆ ಗೊತ್ತಿತ್ತು."

"ಗೊತ್ತಿತ್ತು."

"ಒಂದು ಮಾತು ಹೇಳಬಾರದಿತ್ತಾ?"

"ಹೇಳಿದ್ರೆ ಹಂಚನ್ನ ಕೋರ್ಟೇ ಬದಲಾಯಿಸಿದ ಹಾಗಾಗ್ತಿತ್ತು. ನೀನು ಬದಲಾಯಿಸ್ತೀಯಾ ಅಂತ ನೋಡಬೇಕಿತ್ತು." ಸೂಜಿ ಇಲ್ಲದ ಬಾಯಿ ಅವಳಿಗೂ ರೂಢಿಯಿರಲಿಲ್ಲ. "ಆರು ಕಲಮ್ಮಂತೆ. ಕುರ್ಚಿ ಮಗುಚಿದೆಯಂತೆ."

"ಮಗುಚಿದೆ."

"ಹಾಗಾದ್ರೆ ಹೇಳು. ಮದುವೆ ಯಾವಾಗ? ಅಂದಾಜು."

ಕಟ್ಟೆಯ ಮೇಲೆ ಕೋಳಿಗಳೂ ಸುಮ್ಮನಾದವು. ಸಿರಿಯಾಕೊ ಬಾಯಿ ತೆರೆದ. "ಮೂರು—" ಎಂದ. ಊರಿಗೆ ಊರೇ ಕಣ್ಣು ಮುಚ್ಚಿಕೊಂಡಿತು. ಅವನು ಕೈಯಲ್ಲಿದ್ದ ಸೀಲನ್ನು ನೋಡಿದ, ಟಿಕೆಟ್ಟನ್ನು ನೋಡಿದ, ಸೀಲನ್ನು ಕೋಟಿನ ಜೇಬಿಗಿಳಿಸಿದ.

"ಸೋಮವಾರ," ಎಂದ.

"ಅಯ್ಯಾ, ಅವಳದು ಬಿಡು, ನಮ್ಮ ಟಿಕೆಟ್ಟಿಗಾದ್ರೂ ಒತ್ತೋ!" ಎಂದು ಹಿಂದಿನಿಂದ ಮೂವತ್ತಾರು ಪ್ರಯಾಣಿಕರು ಕಿರುಚಿದರು.

ಸೋಮವಾರ ಮದುವೆಯಾಯಿತು. ಸ್ಲೇಟಿನಲ್ಲಿ ಯಾರ ತಾರೀಖೂ ಹತ್ತಿರ ಇರಲಿಲ್ಲವಾದ್ದರಿಂದ ಕುರಿ ಯಾರಿಗೂ ಸಲ್ಲಲಿಲ್ಲ. ಅದರ ವಯಸ್ಸಿಗೆ ಮರ್ಯಾದೆ ಕೊಟ್ಟು, ಊರವರು ಅದರ ಮೊಮ್ಮಗನನ್ನು ಸುಟ್ಟರು. ಕಸಿಲ್ಡಾಳ ಚಿಪಾದಲ್ಲಿ ಒಂದು ಗಂಟೂ ಇರಲಿಲ್ಲ. ದಾಯಾದಿ ರೊಸೆಂದೊ ಉಡುಗೊರೆ ಹಿಡಿದು ಬಂದಿದ್ದ. ಕೇಸಿನ ವಿಷಯ ಎತ್ತಿದಾಗ, "ಯಾವ ಕೇಸು?" ಎಂದು ಮೂಳೆ ಕಡಿಯುತ್ತ ಕೇಳಿದ.

ಊಟದ ನಡುವೆ ಮಳೆ ಹಿಡಿಯಿತು. ಎಲ್ಲರೂ ತಟ್ಟೆ ಹಿಡಿದು ಪಡಸಾಲೆಯೊಳಗೆ ನುಗ್ಗಿ, ತಲೆಯೆತ್ತಿ ಮೂರನೆಯ ಸಾಲಿನ ಹಂಚನ್ನು ನೋಡಿದರು. ಒಂದು ಹನಿಯೂ ಬೀಳಲಿಲ್ಲ. ಸಿರಿಯಾಕೊ ಎದೆಯುಬ್ಬಿಸಿದ. ಆಗ ಒಂದು ಗೇಣು ಪಕ್ಕದಲ್ಲಿ, ಅವನ ಏಣಿ ಒರಗಿ ಬಿರುಕುಬಿಟ್ಟ ಹಂಚಿನಿಂದ, ಟೊಪ್ ಎಂದಿತು.

ದೆಲ್ಮಿರಾ ಮದುವೆ ಬಟ್ಟೆಯ ಅಂಚು ಎತ್ತಿ ಹಿಡಿದು ಅಂಗಳಕ್ಕೆ ಹೋಗಿ, ನೀಲಿ ಬೋಗುಣಿ ಹೆಕ್ಕಿ ತಂದು, ಹನಿಯ ಕೆಳಗೆ ಇಟ್ಟು, ಎರಡು ಹೆಜ್ಜೆ ಹಿಂದೆ ಸರಿದು ನೋಡಿದಳು.

"ಇದು ಇಲ್ಲೇ ಇರಲಿ. ಯಾರೂ ಮುಟ್ಟಬೇಡಿ."

"ಎಷ್ಟು ದಿನ?" ಸಿರಿಯಾಕೊನ ಬಾಯಿಂದ ರೂಢಿಯಂತೆ ಹೊರಟಿತು.

ಅವಳು ಬಟ್ಟೆಗೆ ಅಳತೆ ತೆಗೆಯುವವಳಂತೆ ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು.

"ಐದು ವರ್ಷ. ಆಮೇಲೆ ನಾನೇ ನವೀಕರಿಸ್ತೀನಿ. ನಾನು ಮರೆಯೋಳಲ್ಲ."